ಕುದುರೆಯ ಹೆಜ್ಜೆಗೆ ಅಂಕ ಹಾಕುವ ವಿದ್ಯೆ

2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಡ್ರೆಸಾಜ್ ತಂಡ ಸ್ಪರ್ಧೆಯಲ್ಲಿ ಭಾರತ 209.205 ಅಂಕ ಗಳಿಸಿ ಚಿನ್ನ ಗೆದ್ದಿತು. ಏಷ್ಯಾಡ್‌ನ ಕುದುರೆ ಸವಾರಿಯಲ್ಲಿ ದೇಶಕ್ಕೆ 41 ವರ್ಷಗಳ ಬಳಿಕ ಒಲಿದ ಚಿನ್ನವದು. ಬೆಳ್ಳಿ ಗೆದ್ದ ಚೀನಾದ ಗಳಿಕೆ 204.882, ಕಂಚಿನ ಹಾಂಗ್‌ಕಾಂಗ್‌ನದು 204.852. ಪದಕದ ಬಣ್ಣ ಬದಲಾದದ್ದು ಕೇವಲ 0.03ರಲ್ಲಿ! ಇಷ್ಟು ಸೂಕ್ಷ್ಮವಾಗಿ ತೂಗುವ ತೀರ್ಪುಗಾರರು ತಯಾರಾಗುವ ಬಗೆ ತಿಳಿಯುವಂಥದ್ದು.

ಡ್ರೆಸಾಜ್‌ನಲ್ಲಿ ಓಟದ ಪೈಪೋಟಿಯಿಲ್ಲ, ಬೇಲಿ ಹಾರುವುದೂ ಇಲ್ಲ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಣದಲ್ಲಿ ಕುದುರೆ ಮೊದಲೇ ಗೊತ್ತುಪಡಿಸಿದ ಚಲನೆಗಳನ್ನು ಒಂದೊಂದಾಗಿ ಮಾಡಿ ತೋರಿಸಬೇಕು. ನಿಧಾನ ನಡಿಗೆಯಾದ ವಾಕ್‌ಗೆ ಗೊರಸಿನ ನಾಲ್ಕು ಪೆಟ್ಟು, ಅದಕ್ಕಿಂತ ವೇಗದ ಟ್ರಾಟ್‌ಗೆ ಎರಡು, ಇನ್ನೂ ವೇಗದ ಕ್ಯಾಂಟರ್‌ಗೆ ಮೂರು. ಲಯ ಕೆಟ್ಟರೆ ತರಬೇತಾದ ಕಿವಿಗೆ ಅದು ತಕ್ಷಣ ಗೊತ್ತಾಗುತ್ತದೆ. ಪ್ರತಿ ಚಲನೆಗೂ ಸೊನ್ನೆಯಿಂದ 10ರವರೆಗೆ ಅಂಕ. ಅರ್ಧ ಅಂಕವನ್ನೂ ಕೊಡಬಹುದು. 10 ಅತ್ಯುತ್ತಮ, 5 ಸಾಧಾರಣ, ಚಲನೆಯನ್ನು ಮಾಡದೇ ಬಿಟ್ಟರೆ ಸೊನ್ನೆ.

ಕೂತ ಜಾಗದಿಂದ ಕಾಣುವ ನೋಟವೂ ಬೇರೆ. ಅಂಗಣದ ತುದಿಯ 'ಸಿ' ಅಕ್ಷರದ ಬಳಿ ಇರುವವರಿಗೆ ಕುದುರೆ ನೇರವಾಗಿ ಬರುತ್ತಿದೆಯೇ ಎಂಬುದು ಸ್ಪಷ್ಟ. ಪಕ್ಕದ 'ಇ' ಅಥವಾ 'ಬಿ' ಬಳಿ ಕೂತವರಿಗೆ ಹೆಜ್ಜೆಯ ಚಾಚು ಚೆನ್ನಾಗಿ ಕಾಣುತ್ತದೆ. ಆದ್ದರಿಂದಲೇ ದೊಡ್ಡ ಸ್ಪರ್ಧೆಗಳಲ್ಲಿ ಹಲವು ತೀರ್ಪುಗಾರರು ಇರುತ್ತಾರೆ.

ಈ ಕಣ್ಣು ಪಳಗುವುದು ಸ್ಕ್ರೈಬ್‌ನ ಕುರ್ಚಿಯಲ್ಲಿ. ತೀರ್ಪುಗಾರರು ಹೇಳಿದ ಅಂಕವನ್ನೂ 'ವೃತ್ತ ಕಿರಿದಾಯಿತು', 'ಲಯ ತಪ್ಪಿತು' ಎಂಬಂಥ ಟಿಪ್ಪಣಿಯನ್ನೂ ಬರೆದುಕೊಳ್ಳುವವರೇ ಸ್ಕ್ರೈಬ್. ಅಂಕದ ಹಿಂದಿನ ಕಾರಣ ಅವರ ಕಿವಿಗೆ ನೇರವಾಗಿ ಬೀಳುತ್ತದೆ. ಮುಂದಿನ ಹಂತದಲ್ಲಿ ಅಭ್ಯರ್ಥಿ ತಾನೇ ಅಂಕ ಹಾಕಿ, ಅನುಭವಿ ತೀರ್ಪುಗಾರರ ಹಾಳೆಯೊಂದಿಗೆ ಹೋಲಿಸಿ ಚರ್ಚಿಸುತ್ತಾನೆ. ಜೊತೆಗೆ ಕಾರ್ಯಾಗಾರ, ನಿಯಮಗಳ ಅಧ್ಯಯನ, ಪರೀಕ್ಷೆ. ದೇಶದೊಳಗೆ ಈ ಕ್ರೀಡೆಯ ಹೊಣೆ ಭಾರತೀಯ ಅಶ್ವಾರೋಹಣ ಫೆಡರೇಷನ್ನಿನದು. ಜಾಗತಿಕ ಮಟ್ಟದಲ್ಲಿ 1921ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಅಶ್ವಾರೋಹಣ ಫೆಡರೇಷನ್ನಿನದು (ಎಫ್‌ಇಐ).

ಕರ್ನಾಟಕಕ್ಕೆ ಕುದುರೆ ಹೊಸದಲ್ಲ. ಮೈಸೂರಿನ ಅಶ್ವಾರೋಹಿ ಪೊಲೀಸರು ದಸರೆಯಲ್ಲಿ ಎಲ್ಲರಿಗೂ ಪರಿಚಿತರು. ಬೆಂಗಳೂರಿನ ಎಂಬೆಸಿ ಸವಾರಿ ಶಾಲೆ 1996ರಿಂದ ನಡೆಯುತ್ತಿದೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದ ಬೆಂಗಳೂರಿನ ಫವಾದ್ ಮಿರ್ಜಾ ಸ್ಪರ್ಧಿಸುವ, ಮೂರು ಘಟ್ಟಗಳ ಸವಾರಿ ಸ್ಪರ್ಧೆಯಾದ ಇವೆಂಟಿಂಗ್‌ನಲ್ಲೂ ಡ್ರೆಸಾಜ್ ಮೊದಲ ಘಟ್ಟ.

ದಾವಣಗೆರೆಯ ವಿನೋಬನಗರದಲ್ಲೋ ಹರಿಹರದಲ್ಲೋ ಕೂತು ನೋಡಿದರೆ ಇದು ಉಳ್ಳವರ ಆಟವೆನಿಸಬಹುದು. ಕುದುರೆ ಸಾಕುವುದು ದುಬಾರಿ ಎಂಬುದು ನಿಜ. ಆದರೆ ಸ್ಕ್ರೈಬ್‌ಗೆ ಬೇಕಾದದ್ದು ಸ್ವಂತ ಕುದುರೆಯಲ್ಲ. ಚುರುಕು ಕಿವಿ, ಶುದ್ಧ ಬರಹ, ತಾಳ್ಮೆ. ಸವಾರಿ ಕಲಿತರೆ ತೀರ್ಪುಗಾರರಾಗುವ ಮುಂದಿನ ದಾರಿಯೂ ಗಟ್ಟಿಯಾಗುತ್ತದೆ. ಸವಾರರು ಬೆಳೆಯಬೇಕಾದರೆ ನ್ಯಾಯವಾಗಿ ಅಳೆಯುವವರೂ ನಮ್ಮ ನಡುವಿನಿಂದಲೇ ಬರಬೇಕು. ಆಸಕ್ತಿಯುಳ್ಳ ಯುವಜನರು ಬೆಂಗಳೂರಿನಲ್ಲಿ ಸ್ಪರ್ಧೆ ನಡೆಯುವಾಗ ಆಯೋಜಕರನ್ನು ಕಂಡು, ಸ್ಕ್ರೈಬ್ ಆಗಿ ಕೂರಲು ಅವಕಾಶ ಕೇಳಲಿ.