ಉಳವಿಗೆ ಬಂಡಿ ಕಟ್ಟುವ ಲೆಕ್ಕ

ದಿಂಗಾಲೇಶ್ವರ ಮಠದ ಊರು ಬಾಳೆಹೊಸೂರು. ಈ ಊರಿರುವ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸೀಮೆಯವರಿಗೆ ಗುಡ್ಡವೆಂದರೆ ಕಪ್ಪತಗುಡ್ಡ. ಉಳಿದದ್ದೆಲ್ಲ ಎರೆಹೊಲ, ಬಯಲು, ನೆಟ್ಟಗಿನ ದಾರಿ. ಇಲ್ಲಿನ ಚಕ್ಕಡಿಯೂ ಟ್ರ್ಯಾಕ್ಟರ್ ಟ್ರೇಲರೂ ಬಯಲಿಗೆಂದೇ ಮಾಡಿದವು: ಹೊಲದಿಂದ ಕಣಕ್ಕೆ, ಕಣದಿಂದ ಪ್ಯಾಟಿಗೆ. ಆದರೆ ಮಾಘ ಮಾಸ ಬಂತೆಂದರೆ ಗದಗ, ಧಾರವಾಡ, ಹಾವೇರಿ, ಬೆಳಗಾವಿ ಕಡೆಯ ಎಷ್ಟೋ ಮನೆತನಗಳು ಇದೇ ಬಯಲ ಗಾಡಿಗಳಿಗೆ ಕಮಾನು ಕಟ್ಟಿ, ತಾಡಪತ್ರಿ ಹೊದಿಸಿ, ಮಕ್ಕಳು ಮರಿ, ಭಾಂಡೆ, ಮೇವು ಎಲ್ಲ ಹೇರಿಕೊಂಡು ಸಹ್ಯಾದ್ರಿಯ ಕಾಡಿನೊಳಗಿನ ಉಳವಿಗೆ ಹೊರಡುತ್ತವೆ. ಊರು ಬಿಟ್ಟು ವಾರಗಟ್ಟಲೆ ಮನೆಯನ್ನೇ ಗಾಲಿಯ ಮೇಲೆ ಇಟ್ಟುಕೊಂಡು ಬೆಟ್ಟ ಹತ್ತಿ ಇಳಿಯುವ ಕುಟುಂಬ ಪ್ರವಾಸ ನಮ್ಮಲ್ಲಿ ಹೊಸದೇನಲ್ಲ.

ಉಳವಿ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿದೆ. 12ನೇ ಶತಮಾನದ ಕಲ್ಯಾಣದ ಕ್ರಾಂತಿಯ ಬಳಿಕ ಶರಣರ ಗುಂಪೊಂದು ವಚನದ ಕಟ್ಟುಗಳನ್ನು ಉಳಿಸಿಕೊಳ್ಳಲು ಪಶ್ಚಿಮದ ಕಾಡಿನ ಕಡೆ ನಡೆಯಿತು, ಬಸವಣ್ಣನವರ ಸೋದರಳಿಯ ಚನ್ನಬಸವಣ್ಣ ಆ ಶರಣರೊಂದಿಗೆ ಉಳವಿಗೆ ಬಂದು ಅಲ್ಲೇ ಐಕ್ಯನಾದ ಎಂಬುದು ಪರಂಪರೆಯ ನಂಬಿಕೆ. ಶರಣೆ ಗಂಗಾಂಬಿಕೆಯ ನೆನಪಿನ ಎಂ.ಕೆ. ಹುಬ್ಬಳ್ಳಿ, ಶರಣ ಡೋಹರ ಕಕ್ಕಯ್ಯನ ಹೆಸರಿನ ಕಕ್ಕೇರಿ ಅದೇ ದಾರಿಯ ಊರುಗಳು. ಅಂದು ಶರಣರು ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ನಡೆದ ದಿಕ್ಕಿಗೇ ಇಂದು ರೈತರ ಬಂಡಿಗಳು ಹರಹರ ಮಹಾದೇವ ಎನ್ನುತ್ತ ಸಾಗುತ್ತವೆ.

ಈ ಪಯಣಕ್ಕೆ ಭಕ್ತಿಯ ಜತೆಗೆ ಗಟ್ಟಿ ಲೆಕ್ಕವೂ ಬೇಕು. ಎತ್ತಿನ ಬಂಡಿಯ ಕಾಲದ ಹಿರಿಯರು ಆ ಲೆಕ್ಕವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ಕೈಯಲ್ಲಿ ಮಾಡುತ್ತಿದ್ದರು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮನೆಗಳಲ್ಲಿ ಗಾಡಿ ಬದಲಾಯಿತು, ಲೆಕ್ಕ ಮರೆತುಹೋಯಿತು. ಬೆಟ್ಟ ಮಾತ್ರ ಹಳೆಯದನ್ನೇ ಕೇಳುತ್ತಿದೆ: ವಜ್ಜಿ ಎಷ್ಟು, ಇಳಿಯುವಾಗ ತಡೆಯುವವರು ಯಾರು, ನೀರು ಎಲ್ಲಿ?

ಹುಣ್ಣಿಮೆಯಿಂದ ಹಿಂದಕ್ಕೆ ಎಣಿಕೆ

ಉಳವಿಯ ಜಾತ್ರೆ ಭರತ ಹುಣ್ಣಿಮೆಯ ಆಸುಪಾಸಿನದು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಜನ ಸೇರುವುದೂ, ತುಂಗಭದ್ರೆಯ ಆಚೆ ಮೈಲಾರದಲ್ಲಿ ಕಾರಣಿಕಕ್ಕೆ ಬಂಡಿಗಳು ಕೂಡುವುದೂ ಇದೇ ಸುಮಾರಿಗೆ. ಬಾಳೆಹೊಸೂರಿನಂಥ ಊರಿನ ಮನೆಯಲ್ಲಿ ಮೊದಲ ಮಾತು ಈ ವರ್ಷ ಯಾವ ಕಡೆ ಎಂಬುದು. ಮೈಲಾರ ಹತ್ತಿರ, ದಾರಿ ಬಯಲು. ಸವದತ್ತಿಗೂ ಕೊನೆಯ ಗುಡ್ಡವೊಂದನ್ನು ಬಿಟ್ಟರೆ ಏರಿಳಿತ ಕಡಿಮೆ. ಉಳವಿ ಎಂದರೆ ದೂರವೂ ಹೌದು, ಕಾಡೂ ಹೌದು, ಘಟ್ಟವೂ ಹೌದು.

ಲಕ್ಷ್ಮೇಶ್ವರದಿಂದ ಹುಬ್ಬಳ್ಳಿ ಇಲ್ಲವೇ ಶಿಗ್ಗಾಂವಿಯ ಕಡೆಯಿಂದ ಕಲಘಟಗಿ, ಹಳಿಯಾಳ, ದಾಂಡೇಲಿ ಮುಟ್ಟಿ, ಅಲ್ಲಿಂದ ಕಾಡಿನ ದಾರಿ ಹಿಡಿಯುವ ಹೊತ್ತಿಗೆ ಒಟ್ಟು ಹಾದಿ ನೂರೈವತ್ತು ಕಿಲೋಮೀಟರಿಗೂ ಮೇಲೆ. ಹೇರಿದ ಬಂಡಿಯ ಜೋಡೆತ್ತು ತಾಸಿಗೆ ಮೂರು ನಾಲ್ಕು ಕಿಲೋಮೀಟರ್ ನಡೆದೀತು. ಬೆಳಗಿನ ತಂಪು, ಸಂಜೆಯ ತಂಪು ಕೂಡಿದರೆ ದಿನಕ್ಕೆ 25ರಿಂದ 30 ಕಿಲೋಮೀಟರ್. ಅಂದರೆ ಹೋಗಲು ಆರು ದಿನ, ನಡುವೆ ಒಂದು ದಿನದ ಬಿಡುವು. ರಥೋತ್ಸವದ ದಿನದಿಂದ ಹಿಂದಕ್ಕೆ ಎಣಿಸಿ ಹೊರಡುವ ದಿನ ಗೊತ್ತು ಮಾಡುವ ಪದ್ಧತಿ ಹುಟ್ಟಿದ್ದು ಹೀಗೆ.

ಈ ಎಣಿಕೆಯಲ್ಲಿ ಚಂದ್ರನಿಗೂ ಪಾಲಿದೆ. ಹುಣ್ಣಿಮೆಗೆ ಮುಂಚಿನ ವಾರದಲ್ಲಿ ಹೊತ್ತು ಮುಳುಗುವಾಗಲೇ ಚಂದ್ರ ಮೇಲಿರುತ್ತಾನೆ, ಸಂಜೆಯ ಪಯಣಕ್ಕೆ ಬೆಳಕು. ಹುಣ್ಣಿಮೆ ಕಳೆದ ಮೇಲೆ ತಡವಾಗಿ ಮೂಡಿ ಬೆಳಗಿನವರೆಗೂ ಇರುತ್ತಾನೆ, ತಿರುಗಿ ಬರುವಾಗ ನಸುಕಿನ ಪಯಣಕ್ಕೆ ಬೆಳಕು. ರಸ್ತೆ ದೀಪವಿಲ್ಲದ ಕಾಲದಲ್ಲಿ ಹೋಗುವ ಸಂಜೆಗೂ ಬರುವ ನಸುಕಿಗೂ ಒಂದೇ ತಿಥಿ ಒದಗುತ್ತಿತ್ತು. ಕಡಲೆ ಒಕ್ಕುವುದು, ಬಿಳಿಜೋಳದ ಕೊಯ್ಲು ಇವುಗಳ ನಡುವಿನ ಬಿಡುವನ್ನು ಹೊಂದಿಸಿಕೊಳ್ಳುವುದು ಮಾತ್ರ ಮನೆಯ ಯಜಮಾನನ ತಲೆಬಿಸಿ.

ಟ್ರ್ಯಾಕ್ಟರ್ ಮಂದಿ ಈ ಹಾದಿಯನ್ನು ಒಂದೇ ದಿನಕ್ಕೆ ಮುಗಿಸಲು ನೋಡುತ್ತಾರೆ. ಟ್ರೇಲರ್ ಎಳೆಯುವ ಟ್ರ್ಯಾಕ್ಟರಿಗೆ ತಾಸಿಗೆ 20–25 ಕಿಲೋಮೀಟರ್ ಸುರಕ್ಷಿತ ವೇಗ. ಊಟ, ಚಹಾ, ಮಕ್ಕಳ ನಿಲುಗಡೆ ಸೇರಿದರೆ ಕಾಡು ಮುಟ್ಟುವಾಗ ಕತ್ತಲಾಗಿರುತ್ತದೆ, ಚಾಲಕ ದಣಿದಿರುತ್ತಾನೆ. ಹಳಿಯಾಳದ ಸುತ್ತ ಒಂದು ರಾತ್ರಿ ತಂಗಿ, ಬೆಳಕು ಹರಿದ ಮೇಲೆ ಕಾಡಿನ ಭಾಗಕ್ಕೆ ಇಳಿದರೆ ಖರ್ಚಾಗುವುದು ಒಂದು ರಾತ್ರಿಯಷ್ಟೇ.

ವಜ್ಜಿ ಎಲ್ಲಿ ಕೂರಬೇಕು

ಚಕ್ಕಡಿ ಹೊಡೆದವರಿಗೆ ಗೊತ್ತು: ಮುಂದೆ ವಜ್ಜಿ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಏರಿನಲ್ಲಿ ಹಿಂದಿನ ವಜ್ಜಿ ತಾನಾಗಿ ಹೆಚ್ಚುತ್ತದೆ, ಇಳಿಜಾರಿನಲ್ಲಿ ಮುಂದಿನದು. ಏರು ಬಂದಾಗ ಹಿಂದೆ ಕೂತವರನ್ನು ಮುಂದೆ ಸರಿಸುವುದೋ ಇಳಿಸಿ ನಡೆಸುವುದೋ ಅದಕ್ಕಾಗಿಯೇ.

ಎರಡು ಗಾಲಿಯ ಟ್ರೇಲರಿಗೂ ಇದೇ ನ್ಯಾಯ. ಭಾರವಾದ ಮೂಟೆಗಳು ಅಚ್ಚಿನ ಮೇಲೆ, ಸ್ವಲ್ಪ ಮುಂದಕ್ಕೆ ಇರಬೇಕು. ಹಿಂಬದಿಗೆ ಹೇರಿದರೆ ಕೊಂಡಿ ಮೇಲೆತ್ತಿಕೊಂಡು ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲಿನ ಭಾರ ಇಳಿಯುತ್ತದೆ. ನೆಲ ಹಿಡಿಯಬೇಕಾದ ಗಾಲಿಯೇ ಹಗುರಾದರೆ ತಿರುವಿನಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ. ಹಾಸಿಗೆ, ಕೌದಿ, ಕಂಬಳಿ ಮೇಲೆ. ಜೋಳದ ಹಿಟ್ಟು, ಅಕ್ಕಿ, ಸಿಲಿಂಡರ್, ನೀರಿನ ಡ್ರಮ್ಮು ಕೆಳಗೆ. ಎತ್ತರಕ್ಕೆ ಪೇರಿಸಿದ ಹೇರು ಬಯಲಿನಲ್ಲಿ ನಿಂತೀತು, ತಿರುವಿನಲ್ಲಿ ನಿಲ್ಲದು.

ಎತ್ತಿನ ಬಂಡಿಗೆ ಇನ್ನೊಂದು ಪೇಚು ಇದೆ. ಒಂದು ಎತ್ತಿಗೆ ದಿನಕ್ಕೆ ಆರೇಳು ಕಿಲೋ ಒಣಮೇವು, ಮೂವತ್ತು ನಲವತ್ತು ಲೀಟರ್ ನೀರು ಬೇಕು. ಹತ್ತು ದಿನದ ಜೋಡಿಯ ಮೇವೇ ಸುಮಾರು ಒಂದೂಕಾಲು ಕ್ವಿಂಟಲ್ ಆದೀತು. ಎತ್ತು ತನ್ನ ಊಟವನ್ನೇ ಎಳೆಯಬೇಕಾದ ಪರಿಸ್ಥಿತಿ. ಹೀಗಾಗಿ ಐದಾರು ಬಂಡಿಗಳು ಕೂಡಿ ಹೊರಡುವ ಕುಟುಂಬಗಳು ಕಣಕಿ, ಹೊಟ್ಟು, ಹಿಂಡಿಗೆಂದೇ ಒಂದು ಗಾಡಿ ಬೇರೆ ಇಡುತ್ತವೆ. ಅನೇಕ ಕಡೆ ಈಗ ಆ ಕೆಲಸಕ್ಕೆ ಟ್ರ್ಯಾಕ್ಟರ್ ಬಂದಿದೆ: ಮುಂದೆ ಗೆಜ್ಜೆಸರ, ಜೂಲು ತೊಟ್ಟ ಎತ್ತುಗಳು, ಹಿಂದೆ ಮೇವಿನ ಟ್ರೇಲರ್.

ಏರಿಗಿಂತ ಇಳಿಜಾರು ಕಠಿಣ

ಹೊಸಬರು ಚಿಂತಿಸುವುದು ಏರಿನ ಬಗ್ಗೆ: ಎಂಜಿನ್ ಎಳೆದೀತೇ, ಎತ್ತು ಹತ್ತೀತೇ? ಅನುಭವಿಗಳು ಚಿಂತಿಸುವುದು ಇಳಿಜಾರಿನ ಬಗ್ಗೆ. ಏರಿನಲ್ಲಿ ಸೋತ ಗಾಡಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಸೋತ ಗಾಡಿ ನಿಲ್ಲುವುದಿಲ್ಲ.

ಲೆಕ್ಕ ಹಾಕಿ ನೋಡಿ. ಟ್ರ್ಯಾಕ್ಟರ್, ಟ್ರೇಲರ್, ಸಾಮಾನು ಸೇರಿ ನಾಲ್ಕು ಟನ್ ಅಂದುಕೊಳ್ಳೋಣ. ಅದು ನೂರು ಮೀಟರ್ ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 39 ಲಕ್ಷ ಜೂಲ್. ಹನ್ನೆರಡು ಲೀಟರ್ ತಣ್ಣೀರು ಕುದಿಗೆ ಬರಲು ಇಷ್ಟು ಶಾಖ ಸಾಕು. ಬ್ರೇಕ್ ಒತ್ತುತ್ತಲೇ ಇಳಿದರೆ ಇದರ ಬಹುಪಾಲು ಬ್ರೇಕಿನೊಳಗೇ ಸೇರುತ್ತದೆ. ಕಾದ ಬ್ರೇಕಿನ ಹಿಡಿತ ಸಡಿಲುತ್ತದೆ, ಕೊನೆಗೆ ಪೆಡಲ್ ತುಳಿದರೂ ಗಾಡಿ ಕೇಳುವುದಿಲ್ಲ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬ ಹಳೆಯ ಚಾಲಕರ ನಿಯಮದ ಅರ್ಥ, ಆ ಶಾಖದ ಹೊರೆಯನ್ನು ಎಂಜಿನ್ನಿಗೆ ಹೊರಿಸು ಎಂಬುದು. ಗೇರು ಇಳಿಜಾರು ಶುರುವಾಗುವ ಮೊದಲೇ ಬೀಳಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಗಾಡಿ ಬಿಡುವ ಚಟ ಘಟ್ಟದಲ್ಲಿ ಪ್ರಾಣಕ್ಕೇ ಕುತ್ತು.

ಟ್ರ್ಯಾಕ್ಟರಿನದೇ ಆದ ಒಂದು ಅಪಾಯವೂ ಇದೆ. ಹೊಲದಲ್ಲಿ ಸಾಲಿನ ತುದಿಗೆ ಗಕ್ಕನೆ ತಿರುಗಲೆಂದು ಅದಕ್ಕೆ ಎಡಗಾಲಿ ಬಲಗಾಲಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತವೆ. ರಸ್ತೆಗೆ ಬರುವಾಗ ಅವೆರಡನ್ನೂ ಕೊಂಡಿ ಹಾಕಿ ಒಂದಾಗಿಸಲೇಬೇಕು. ಮರೆತು ಒಂದನ್ನೇ ಒತ್ತಿದರೆ ಟ್ರ್ಯಾಕ್ಟರ್ ಒಂದು ಕಡೆ ತಿರುಗಿ, ಹಿಂದಿನ ಟ್ರೇಲರ್ ದೂಡಿಕೊಂಡು ಬಂದು ಮಗುಚುತ್ತದೆ. ನಮ್ಮ ಭಾಗದ ಅನೇಕ ಟ್ರೇಲರುಗಳಿಗೆ ತಮ್ಮದೇ ಬ್ರೇಕ್ ಇಲ್ಲ, ಇದ್ದರೂ ಜೋಡಿಸಿರುವುದಿಲ್ಲ. ಬ್ರಿಟನ್ನಿನಲ್ಲಿ ಹೇರು ಸೇರಿ 750 ಕಿಲೋ ಮೀರಬಹುದಾದ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯ. ಅದಕ್ಕಿಂತ ಎಷ್ಟೋ ಪಟ್ಟು ಹೇರಿಕೊಂಡು ನಾವು ಬ್ರೇಕಿಲ್ಲದೆ ಘಟ್ಟ ಇಳಿಯುತ್ತಿದ್ದೇವೆ.

ಎತ್ತಿನ ಬಂಡಿಯವರು ಈ ವಿಷಯದಲ್ಲಿ ಜಾಣರು. ಇಳಿಜಾರಿಗೆ ಮೊದಲು ಬಂಡಿ ನಿಲ್ಲಿಸಿ ಎಲ್ಲರನ್ನೂ ಇಳಿಸುತ್ತಾರೆ. ಗಾಲಿಗೆ ಕಟ್ಟಿಗೆಯ ತಡೆ ಒತ್ತಿಸುತ್ತಾರೆ, ಹಿಂದೆ ಹಗ್ಗ ಕಟ್ಟಿ ಗಂಡಾಳುಗಳು ಹಿಡಿದು ಜಗ್ಗುತ್ತಾರೆ. ಒಬ್ಬ ಗಾಲಿಗೆ ಕೊಡಲು ಕಲ್ಲು ಹಿಡಿದು ಪಕ್ಕದಲ್ಲೇ ನಡೆಯುತ್ತಾನೆ. ಹೊರಡುವ ಮೊದಲೇ ಎತ್ತಿಗೆ ನಾಲು ಬಡಿಸಿ, ಗಾಲಿಯ ಹಳಿ ನೋಡಿಸಿ, ಅಚ್ಚಿಗೆ ಕೀಲೆಣ್ಣೆ ಹಾಕಿರುತ್ತಾರೆ. ಟ್ರ್ಯಾಕ್ಟರಿನವರಿಗೆ ಇದಕ್ಕೆ ಸಮನಾದ ಪಟ್ಟಿ ಇಷ್ಟು: ಟೈರಿನ ಗಾಳಿ, ಕೊಂಡಿಯ ಪಿನ್ನಿಗೆ ಕ್ಲಿಪ್ಪು, ಪಿನ್ ಕಳಚಿದರೂ ಟ್ರೇಲರ್ ಬಿಟ್ಟುಹೋಗದಂತೆ ಸರಪಳಿ, ಹಿಂದೆ ದೀಪ ಮತ್ತು ರೇಡಿಯಂ ಪಟ್ಟಿ, ಗಾಲಿಗೆ ಕೊಡಲು ಎರಡು ಮರದ ದಿಮ್ಮಿ.

ಮಂದಿ ಎಲ್ಲಿ, ಸಾಮಾನು ಎಲ್ಲಿ

ಎಲ್ಲರೂ ಕೇಳಲು ಹಿಂಜರಿಯುವ ಪ್ರಶ್ನೆ ಇದು. ಕೃಷಿ ಟ್ರೇಲರ್ ಸರಕಿನ ಗಾಡಿ. ಅದರಲ್ಲಿ ಮಂದಿಯನ್ನು ಕೂರಿಸುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ, ಅನಾಹುತವಾದರೆ ವಿಮೆಯ ಹಣಕ್ಕೂ ತಕರಾರು. ಮಲಗುವ ಮಂಚ, ಒಲೆ ಎಲ್ಲ ಇರುವ ಪ್ರವಾಸಿ ಟ್ರೇಲರುಗಳನ್ನು ಎಳೆಯುವ ದೇಶಗಳಲ್ಲೂ ಸಾಮಾನ್ಯವಾಗಿ ಗಾಡಿ ಓಡುವಾಗ ಟ್ರೇಲರಿನೊಳಗೆ ಜನ ಕೂರುವುದಿಲ್ಲ. ಕೂರುವುದು ಎಳೆಯುವ ಕಾರಿನಲ್ಲಿ, ಬೆಲ್ಟು ಕಟ್ಟಿಕೊಂಡು. ಟ್ರೇಲರ್ ನಿಂತ ಮೇಲಷ್ಟೇ ಮನೆ.

ಉಳವಿಯ ಜಾತ್ರೆಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಯ ವಿಶೇಷ ಬಸ್ಸುಗಳು ಓಡುತ್ತವೆ. ಮುದುಕರು, ಹೆಂಗಸರು, ಮಕ್ಕಳು ಬಸ್ಸಿನಲ್ಲೋ ಬಾಡಿಗೆ ಗಾಡಿಯಲ್ಲೋ ಹೋಗಿ, ಭಾಂಡೆ, ಹಾಸಿಗೆ, ಮೇವು ಟ್ರೇಲರಿನಲ್ಲಿ ಬರಲಿ. ಎಲ್ಲರೂ ಕೂಡಿ ಹಾಡುತ್ತ ಹೋಗುವ ಸುಖ ಕಮ್ಮಿಯಾಗುತ್ತದೆ, ನಿಜ. ಆ ಸುಖ ಬೇಕೆನ್ನುವವರಿಗೆ ನಡೆದು ಹೋಗುವ ದಾರಿ ತೆರೆದೇ ಇದೆ, ಎತ್ತಿನ ಬಂಡಿಯೂ ಇದೆ. ನಡಿಗೆಯ ವೇಗದಲ್ಲಿ ಹೋಗುವ ಗಾಡಿಯಿಂದ ಮಗು ಧುಮುಕಿದರೂ ಎತ್ತಿಕೊಳ್ಳಬಹುದು.

ಬುತ್ತಿ, ನೀರು, ಬೆಂಕಿ

ಊಟದ ಲೆಕ್ಕ ಹೆಂಗಸರದು, ಅದರಲ್ಲಿ ತಪ್ಪು ಕಡಿಮೆ. ಒಣಗಿಸಿದ ಖಡಕ್ ಜೋಳದ ರೊಟ್ಟಿ ಮತ್ತು ಎಳ್ಳು ಹಚ್ಚಿದ ಸಜ್ಜಿರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ, ಅಗಸಿ, ಗುರೆಳ್ಳಿನ ಒಣ ಚಟ್ನಿಗಳಿಗೆ ನೀರಿನ ಹಂಗಿಲ್ಲ. ಕೆಂಪು ಮೆಣಸಿನಕಾಯಿಯ ರಂಜಕ ಉಪ್ಪಿನ ಬಲದಲ್ಲಿ ಉಳಿಯುತ್ತದೆ. ಮಾದ್ಲಿ, ಶೇಂಗಾ ಹೋಳಿಗೆ ಸಿಹಿಗೆ. ಕರಿಗಡುಬು, ಪಲ್ಯ, ಮೊಸರನ್ನ ಮೊದಲ ದಿನಕ್ಕೆ. ಏನು ಮೊದಲು ಕೆಡುತ್ತದೋ ಅದನ್ನು ಮೊದಲು ಬಿಚ್ಚುವ ಕ್ರಮ ಗಂಟು ಕಟ್ಟುವಾಗಲೇ ನಿಕ್ಕಿಯಾಗಿರುತ್ತದೆ.

ದಾಂಡೇಲಿ ದಾಟಿದ ಮೇಲೆ ಲೆಕ್ಕ ಬದಲಾಗಬೇಕು. ಡೀಸೆಲ್, ಔಷಧಿ, ಫೋನಿನ ಮಾತು ಎಲ್ಲ ಅಲ್ಲೇ ಮುಗಿಸಿಕೊಳ್ಳುವುದು ಲೇಸು. ಜೋಯಿಡಾದ ಒಳಗಡೆ ಊರುಗಳು ವಿರಳ, ನೆಟ್‌ವರ್ಕ್ ಇನ್ನೂ ವಿರಳ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಿ ತಾಲ್ಲೂಕು ಕೇಂದ್ರವೇ ಜೋಯಿಡಾಕ್ಕೆ ಬಂದ ಸೀಮೆ ಇದು. ಸುತ್ತಲಿನ ಕಾಡು 2007ರಲ್ಲಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಕಾಳಿ ಎಂಬ ಹೆಸರು ಪಡೆಯಿತು. ಜಾತ್ರೆಯ ಹೊತ್ತಿಗೆ ಎಲೆ ಉದುರಿ ನೆಲವೆಲ್ಲ ಒಣಗಿರುತ್ತದೆ. ಬಯಲಿನಲ್ಲಿ ಬಂಡಿ ಬಿಟ್ಟ ಕಡೆ ಮೂರು ಕಲ್ಲು ಹೂಡಿ ಒಲೆ ಹಚ್ಚುವ ರೂಢಿ ಇಲ್ಲಿ ನಡೆಯದು. ಅಡುಗೆ ಗೊತ್ತುಪಡಿಸಿದ ಜಾಗದಲ್ಲೇ ಆಗಬೇಕು, ಪ್ಲಾಸ್ಟಿಕ್ ಚೀಲ, ಪತ್ರಾವಳಿ ವಾಪಸು ಗಾಡಿ ಏರಬೇಕು. ರಾತ್ರಿ ಸಂಚಾರ, ತಂಗುವ ಸ್ಥಳ ಕುರಿತು ಅರಣ್ಯ ಇಲಾಖೆಯ ಆ ವರ್ಷದ ಸೂಚನೆ ಮೊದಲೇ ತಿಳಿದಿರಲಿ.

ಎತ್ತಿನವರಿಗೆ ಪಶು ಆಸ್ಪತ್ರೆಯ ಭೇಟಿಯೂ ಅಷ್ಟೇ ಮುಖ್ಯ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ಜಾನುವಾರು ಸಂತೆ, ಜಾತ್ರೆಗಳಿಗೆ ನಿರ್ಬಂಧ ಬಂತು. ನೂರಾರು ಜೋಡೆತ್ತು ಒಂದೇ ಕೆರೆಯ ನೀರು ಕುಡಿಯುವಲ್ಲಿ ಒಂದು ರೋಗದ ಎತ್ತು ಸಾಕು. ಕಾಲುಬಾಯಿ ಬೇನೆಯ ಲಸಿಕೆಯನ್ನು ಹೊರಡುವ ಹಿಂದಿನ ದಿನ ಹಾಕಿಸಿ ಪ್ರಯೋಜನವಿಲ್ಲ, ಅದು ಮೈಗೆ ಹತ್ತಲು ವಾರಗಳೇ ಬೇಕು.

ತಿರುಗಿ ಬರುವ ದಾರಿ

ಜಾತ್ರೆ ಮುಗಿದ ಮರುದಿನವೇ ಎಲ್ಲರಿಗೂ ಊರಿನ ಅವಸರ. ಮಕ್ಕಳಿಗೆ ಶಾಲೆ, ಹೊಲದಲ್ಲಿ ಜೋಳ. ಚಾಲಕನಿಗೆ ಜಾಗರಣೆಯ ನಿದ್ದೆ, ಎತ್ತಿಗೆ ಸವೆದ ಗೊರಸು. ಹೋಗುವಾಗ ಇದ್ದ ಎಚ್ಚರ ಬರುವಾಗ ಇರುವುದಿಲ್ಲ, ಹತ್ತಿ ಬಂದ ದಿಬ್ಬಗಳೆಲ್ಲ ಈಗ ಇಳಿಜಾರು. ಪ್ರಯಾಣದ ದಿನಗಳನ್ನು ಗೊತ್ತು ಮಾಡುವಾಗಲೇ ಉಳವಿಯಲ್ಲಿ ಒಂದು ದಿನದ ವಿಶ್ರಾಂತಿಯನ್ನು ಬರೆದಿಟ್ಟುಕೊಳ್ಳಬೇಕು, ಚಾಲಕನಿಗೆ ಹಿಂದಿನ ರಾತ್ರಿ ನಿದ್ದೆ ಕೊಡಿಸುವ ಹೊಣೆ ಮನೆಯ ಒಬ್ಬರ ಮೇಲಿರಬೇಕು.

ಹಳೆಯವರು ಎತ್ತು ದಣಿದರೆ ಬಂಡಿ ಬಿಡುತ್ತಿದ್ದರು, ಅದಕ್ಕೆ ಯಾರ ಒಪ್ಪಿಗೆಯನ್ನೂ ಕೇಳುತ್ತಿರಲಿಲ್ಲ. ಟ್ರ್ಯಾಕ್ಟರ್ ದಣಿವನ್ನು ತೋರಿಸುವುದಿಲ್ಲವಾದ್ದರಿಂದ ನಿಲ್ಲುವ ತೀರ್ಮಾನ ಈಗ ಮನುಷ್ಯರೇ ಮಾಡಬೇಕು. ಮುಂದಿನ ಭರತ ಹುಣ್ಣಿಮೆಗೆ ಬಂಡಿ ಕಟ್ಟುವ ಮನೆಯವರು ಹೇರಿನ ಪಟ್ಟಿಗಿಂತ ಮೊದಲು ನಿಲುಗಡೆಗಳ ಪಟ್ಟಿ ಬರೆಯಲಿ. ಹೇರು ಎಷ್ಟಿರಬೇಕೆಂಬುದನ್ನು ಅದೇ ಹೇಳುತ್ತದೆ.