ಗುಜರಿಯ ರಿಮ್ಮು, ತಾತನ ಪದ್ಮಿನಿ

ಶಿವಾಜಿನಗರದ ಗುಜರಿಗೆ ನಮ್ಮಲ್ಲಿ ಸುಮಾರು ಜನ ಒಂದ್ಸಲ ಆದ್ರೂ ಹೋಗಿರ್ತೀವಿ. ಪ್ರಾಜೆಕ್ಟ್‌ಗೆ ವೈಪರ್ ಮೋಟರ್ ಬೇಕು ಅಂತಲೋ, ಬೈಕಿನ ಕನ್ನಡಿ ಕಮ್ಮಿಗೆ ಸಿಗುತ್ತೆ ಅಂತಲೋ. ನಾನು ಹೋಗಿದ್ದು ಎರಡು ರಿಮ್ ಹುಡುಕಿಕೊಂಡು. ಹಲಸೂರಿನಲ್ಲಿರೋ ನಮ್ಮ ತಾತನ ಹತ್ತಿರ 1986ರ ಪ್ರೀಮಿಯರ್ ಪದ್ಮಿನಿ ಇದೆ. ಐದು ಚಕ್ರದಲ್ಲಿ ಒಂದು ತುಕ್ಕು ಹಿಡಿದು ತೂತಾಗಿತ್ತು, ಸ್ಟೆಪ್ನಿ ಬೆಂಡಾಗಿತ್ತು. "ಎರಡು ರಿಮ್ ತಾನೆ, ಒಂದು ಶನಿವಾರದ ಕೆಲಸ" ಅಂದ್ಕೊಂಡೆ. ಮೂರು ತಿಂಗಳಾಯ್ತು. ಆ ಮೂರು ತಿಂಗಳಲ್ಲಿ ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ಹಳೇ ಕಾರು ಇಲ್ಲದವರಿಗೂ ಉಪಯೋಗಕ್ಕೆ ಬರುತ್ತೆ, ಯಾಕಂದ್ರೆ ಇದರಲ್ಲಿ ಅರ್ಧ ನಮ್ಮ ಸಿಲಬಸ್ಸೇ.

ಮೊದಲು ರಿಮ್ ಅಂದ್ರೆ ಏನು

ಮೆಕ್ಯಾನಿಕ್‌ಗಳು ಇದನ್ನ ರಿಮ್ ಅಂತಾರೆ, ಡಿಸ್ಕ್ ಅಂತಾರೆ. ನಿಜವಾಗಿ ಸ್ಟೀಲ್ ಚಕ್ರದಲ್ಲಿ ಇವೆರಡೂ ಬೇರೆ ಬೇರೆ ಭಾಗ. ಟೈರ್ ಕೂರೋ ಹೊರಗಿನ ಬಳೆ ರಿಮ್. ಹಬ್‌ಗೆ ನಟ್ ಹಾಕಿ ಬಿಗಿಯೋ ನಡುವಿನ ತಟ್ಟೆ ಡಿಸ್ಕ್. ಎರಡನ್ನೂ ಬೇರೆ ಬೇರೆ ಪ್ರೆಸ್ ಮಾಡಿ ಆಮೇಲೆ ವೆಲ್ಡ್ ಮಾಡ್ತಾರೆ. ತುಂಬಾ ಹಳೇ ಚಕ್ರಗಳಲ್ಲಿ ರಿವೆಟ್ ಇರುತ್ತೆ. ರಿಮ್ಮಿನ ನಡುವೆ ಒಂದು ಹಳ್ಳ ಇದೆಯಲ್ಲ, ಅದು ಟೈರನ್ನ ಒಳಗೆ ಇಳಿಸಿ ತೆಗೆಯೋದಕ್ಕೆ. ಹಳ್ಳದ ಎರಡೂ ಬದಿಯಲ್ಲಿ ಟೈರಿನ ಅಂಚು ಕೂರೋ ಜಾಗಕ್ಕೆ ಬೀಡ್ ಸೀಟ್ ಅನ್ನೋ ಹೆಸರು. ತುಕ್ಕು ಮೊದಲು ಹಿಡಿಯೋದು ಅಲ್ಲೇ, ಮತ್ತೆ ಟೈರ್ ಇದ್ದಾಗ ಅದು ಕಾಣೋದೇ ಇಲ್ಲ.

ಈ ಚಕ್ರ ಮೈಲ್ಡ್ ಸ್ಟೀಲ್‌ನದು. ಅಲಾಯ್ ಚಕ್ರ ದೊಡ್ಡ ಗುಂಡಿಗೆ ಬಿದ್ರೆ ಸೀಳಬಹುದು. ಸ್ಟೀಲ್ ಬಗ್ಗುತ್ತೆ, ಬಗ್ಗಿದ್ದನ್ನ ವಾಪಸ್ ತರಬಹುದು. ಅದಕ್ಕೇ 40–50 ವರ್ಷದ ಹಿಂದಿನ ರಿಮ್‌ಗಳು ಇವತ್ತಿಗೂ ಗುಜರಿಯಲ್ಲಿ ಮಾರಾಟ ಆಗ್ತಿವೆ. ನಮ್ಮ ದೇಶದಲ್ಲಿ ಇಂಥ ಚಕ್ರ ಮಾಡೋ ದೊಡ್ಡ ಕಂಪನಿಗಳಲ್ಲಿ ಒಂದಾದ ವೀಲ್ಸ್ ಇಂಡಿಯಾ ಚೆನ್ನೈನಲ್ಲಿ ಶುರುವಾಗಿದ್ದು 1960ರಲ್ಲಿ.

ಹೋಗೋಕೆ ಮುಂಚೆ ಅಳತೆ ಬರೆದಿಟ್ಕೊಳ್ಳಿ

ಅಂಗಡಿಯವರು "ಫಿಟ್ ಆಗುತ್ತೆ ಬಾಸ್, ನಾನ್ ಗ್ಯಾರಂಟಿ" ಅಂತಾರೆ. ಗ್ಯಾರಂಟಿ ಟೇಪ್‌ನಲ್ಲಿ ಇರೋದು, ಅವರ ಮಾತಲ್ಲಿ ಅಲ್ಲ.

ಮೊದಲನೇದು ವ್ಯಾಸ. ಪದ್ಮಿನಿಗೆ 5.20-14 ಟೈರ್, ಅಂದ್ರೆ 14 ಇಂಚಿನ ರಿಮ್. ಅಂಬಾಸಿಡರ್‌ಗೆ 5.90-15, ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ 5.20-13, ಹಳೇ ಜೀಪಿಗೆ 6.00-16. ಮೊದಲ ಅಂಕಿ ಟೈರಿನ ಅಗಲ, ಕೊನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಲ್ಲಿ. ಮಾರುತಿ 800ರದ್ದು 12 ಇಂಚು, ಅದರ ಪಕ್ಕದಲ್ಲಿಟ್ರೆ ಅಂಬಾಸಿಡರ್ ರಿಮ್ ಲಾರಿದು ಅನ್ನಿಸುತ್ತೆ.

ಎರಡನೇದು ಪಿಸಿಡಿ. ನಟ್ ತೂತುಗಳ ಮಧ್ಯಬಿಂದುಗಳ ಮೇಲೆ ಹಾದುಹೋಗೋ ವೃತ್ತದ ವ್ಯಾಸ ಇದು. ನಾಲ್ಕು ತೂತಿದ್ರೆ ಎದುರುಬದುರು ತೂತಿನ ಮಧ್ಯದಿಂದ ಮಧ್ಯಕ್ಕೆ ಅಳೆದ್ರೆ ಸಾಕು. ಐದು ತೂತಿದ್ರೆ ಎದುರುಬದುರು ಯಾವುದೂ ಇರಲ್ಲ. ಆಗ ಪಕ್ಕಪಕ್ಕದ ಎರಡು ತೂತಿನ ಅಂತರ ಅಳೆದು 1.7ರಿಂದ ಗುಣಿಸಿ. (ಜ್ಯಾ ಅಂದ್ರೆ ವ್ಯಾಸ ಗುಣಿಸು ಸೈನ್ 36 ಡಿಗ್ರಿ, ಪಿಯುಸಿ ಲೆಕ್ಕ ಕೊನೆಗೂ ಉಪಯೋಗಕ್ಕೆ ಬಂತು.) ಜೀಪಿನಲ್ಲಿ ಪಕ್ಕದ ತೂತುಗಳ ಅಂತರ 82 ಮಿ.ಮೀ. ಬರುತ್ತೆ, ಗುಣಿಸಿದ್ರೆ 139.7ರ ಹತ್ತಿರ, ಅಂದ್ರೆ ಐದೂವರೆ ಇಂಚು.

ಇಲ್ಲಿ ಒಂದು ಅಪಾಯ ಇದೆ. ಫಿಯಟ್ ಪಾಲಿಯೊದ ಪಿಸಿಡಿ 98 ಮಿ.ಮೀ., ಸ್ವಿಫ್ಟ್‌ನದು 100. ವ್ಯತ್ಯಾಸ ಬರೀ 2 ಮಿ.ಮೀ. ಒಂದರ ರಿಮ್ ಇನ್ನೊಂದಕ್ಕೆ ಒತ್ತಾಯ ಮಾಡಿದ್ರೆ ಹೋಗೇ ಹೋಗುತ್ತೆ. ಆದ್ರೆ ನಟ್ಟಿನ ಕೋನ್ ಸರಿಯಾಗಿ ಕೂರಲ್ಲ, ಒಂದು ಬದಿ ಮಾತ್ರ ತಾಗಿಕೊಂಡಿರುತ್ತೆ. ಓಡ್ತಾ ಓಡ್ತಾ ಸಡಿಲ ಆಗುತ್ತೆ. "ಹಿಡಿಸ್ತು" ಅನ್ನೋದೂ "ಸರಿ ಇದೆ" ಅನ್ನೋದೂ ಒಂದೇ ಅಲ್ಲ.

ಮೂರನೇದು ನಡುವಿನ ದೊಡ್ಡ ತೂತಿನ ವ್ಯಾಸ, ನಾಲ್ಕನೇದು ಆಫ್‌ಸೆಟ್, ಅಂದ್ರೆ ಹಬ್‌ಗೆ ತಾಗೋ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಒಳಗೆ ಅಥವಾ ಹೊರಗೆ ಇದೆ ಅನ್ನೋದು. ಇದು ತಪ್ಪಿದ್ರೆ ಟೈರ್ ಮಡ್‌ಗಾರ್ಡ್‌ಗೆ ಉಜ್ಜುತ್ತೆ, ಬೇರಿಂಗ್ ಮೇಲೂ ಭಾರ ತಪ್ಪಾಗಿ ಬೀಳುತ್ತೆ. ಸುಲಭ ದಾರಿ ಅಂದ್ರೆ ನಿಮ್ಮದೇ ಒಂದು ಒಳ್ಳೇ ರಿಮ್ ಜೊತೆಗೆ ತಗೊಂಡು ಹೋಗೋದು. ನಾನು ಬಿಎಂಟಿಸಿ ಬಸ್ಸಲ್ಲಿ ರಿಮ್ ತೊಡೆ ಮೇಲಿಟ್ಕೊಂಡು ಹೋದೆ. ಕಂಡಕ್ಟರ್ "ಸ್ಟೇರಿಂಗ್ ಎಲ್ಲಪ್ಪಾ?" ಅಂತ ಕೇಳಿದ್ರು.

ಬೆಲೆ ಕಟ್ಟೋದು ಹೇಗೆ

ಗುಜರಿಯಲ್ಲಿ ಎಂಆರ್‌ಪಿ ಇಲ್ಲ. ಆದ್ರೆ ಲೆಕ್ಕ ಇದೆ. ಕೆಳಗಿನ ಮಿತಿ ಕಬ್ಬಿಣದ ತೂಕ. ನನ್ನ ರಿಮ್ 7 ಕೆ.ಜಿ. ಹತ್ತಿರ ತೂಗಿತು. ಕೆ.ಜಿ.ಗೆ 30 ರೂಪಾಯಿ ಅಂದ್ರೂ 210 ರೂಪಾಯಿ. ಅದಕ್ಕಿಂತ ಕಮ್ಮಿಗೆ ಯಾರೂ ಕೊಡಲ್ಲ, ಕರಗಿಸೋಕೆ ಹಾಕಿದ್ರೇ ಅಷ್ಟು ಬರುತ್ತೆ. ಮೇಲಿನ ಮಿತಿ ನಿಮ್ಮ ಅವಸರ. ನಾಳೆ ಮದುವೆಗೆ ಕಾರು ಬೇಕು ಅಂತ ಮುಖದಲ್ಲಿ ಕಂಡ್ರೆ ಮುಗೀತು.

ನಡುವಿನ ಬೆಲೆಯನ್ನ ತೀರ್ಮಾನ ಮಾಡೋದು ಮೂರು ವಿಷಯ. ಎಷ್ಟು ಅಪರೂಪ, ಎಷ್ಟು ಒರಿಜಿನಲ್, ಇನ್ನೂ ಎಷ್ಟು ಖರ್ಚು ಬಾಕಿ. ಪದ್ಮಿನಿ 1974ರಿಂದ 2000ದ ತನಕ ಆ ಹೆಸರಲ್ಲಿ ಬಂತು, ಟ್ಯಾಕ್ಸಿಯಾಗಿಯೂ ಓಡಿತು, ಹಾಗಾಗಿ ರಿಮ್ ಸಿಗುತ್ತೆ. ಹೆರಾಲ್ಡ್ ರಿಮ್ ಅಷ್ಟು ಸುಲಭಕ್ಕೆ ಸಿಗಲ್ಲ. ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನ ಐದು ತೂತಿನ, 205 ಮಿ.ಮೀ. ಪಿಸಿಡಿಯ ರಿಮ್ ಕಂಡ್ರೆ ಸೇಠ್‌ಗೆ ಅದರ ಬೆಲೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ.

ಒರಿಜಿನಲ್ ಅನ್ನೋದಕ್ಕೆ ಈಗ ಕಾನೂನಿನ ಕಾರಣವೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಉಳಿಸಿಕೊಂಡಿರಬೇಕು. ನಂಬರ್‌ನಲ್ಲಿ ರಾಜ್ಯದ ಅಕ್ಷರ ಆದ್ಮೇಲೆ 'ವಿಎ' ಅಂತ ಬರುತ್ತೆ. ತಾತನ ಗಾಡಿಗೆ ಇನ್ನೂ 50 ಆಗಿಲ್ಲ. ಹಾಗಂತ ಇವತ್ತು ಅಲಾಯ್ ಹಾಕಿ ಹಳೇ ರಿಮ್ ಗುಜರಿಗೆ ಹಾಕಿದ್ರೆ ಮುಂದೆ ಅದನ್ನೇ ಹುಡುಕಿಕೊಂಡು ಅಲೀಬೇಕಾಗುತ್ತೆ.

ಇನ್ನು ಬಾಕಿ ಖರ್ಚು. ನನಗೆ ಹೇಳಿದ ಬೆಲೆ ಒಂದಕ್ಕೆ 1,500. ಚೌಕಾಸಿ ಮಾಡಿ 900ಕ್ಕೆ ಬಂತು. ಬೆಂಡು ತೆಗೆಸೋಕೆ 250, ಬ್ಲಾಸ್ಟಿಂಗ್ ಮತ್ತು ಪೇಂಟಿಗೆ 600. ಅಲ್ಲಿಗೆ ಒಂದು ರಿಮ್‌ಗೆ 1,750 ಆಯ್ತು, ಟ್ಯೂಬ್ ಬೇರೆ. ಚೌಕಾಸಿ ಮಾಡೋವಾಗ "ಜಾಸ್ತಿ ಆಯ್ತು ಭಾಯ್" ಅನ್ನೋದಕ್ಕಿಂತ "ಇಲ್ಲಿ ನೋಡಿ, ಬೆಂಡಿದೆ, ಇದಕ್ಕೆ 250 ಖರ್ಚಿದೆ" ಅಂದ್ರೆ ಬೇಗ ಇಳೀತಾರೆ. ತಪ್ಪು ತೋರಿಸಿದ್ರೆ ಅವರಿಗೂ ಗೌರವ ಬರುತ್ತೆ.

ಕೊಳ್ಳೋ ಮುಂಚೆ ಏನು ನೋಡಬೇಕು

ರಿಮ್ಮನ್ನ ನೆಲದ ಮೇಲೆ ಉರುಳಿಸಿ, ಒನಕೆ ಥರ ಕುಣಿದ್ರೆ ದೊಡ್ಡ ಬೆಂಡು. ಸಪಾಟಾದ ಕಲ್ಲಿನ ಮೇಲೆ ಮಲಗಿಸಿ ಬೆಳಕು ಎಲ್ಲಿ ತೂರುತ್ತೆ ನೋಡಿ. ಬೀಡ್ ಸೀಟ್ ಮೇಲೆ ಬೆರಳಾಡಿಸಿ. ಬರೀ ಕೆಂಪು ತುಕ್ಕಾದ್ರೆ ಉಜ್ಜಿದ್ರೆ ಹೋಗುತ್ತೆ. ಸ್ಕ್ರೂಡ್ರೈವರ್ ಒತ್ತಿದಾಗ ಪದರ ಪದರವಾಗಿ ಉದುರಿದ್ರೆ ಬಿಟ್ಟುಬಿಡಿ. ನಟ್ ತೂತು ದುಂಡಗಿದೆಯಾ, ಮೊಟ್ಟೆ ಆಕಾರ ಆಗಿದೆಯಾ ನೋಡಿ. ಮೊಟ್ಟೆ ಆಗಿದ್ರೆ ಯಾರೋ ಸಡಿಲ ನಟ್‌ನಲ್ಲಿ ಓಡಿಸಿದ್ದಾರೆ ಅಂತ ಅರ್ಥ. ನೇತುಹಾಕಿ ಸ್ಪಾನರ್‌ನಿಂದ ತಟ್ಟಿ. ಗಟ್ಟಿ ಇದ್ರೆ ಗಂಟೆ ಥರ ಸದ್ದು, ಬಿರುಕಿದ್ರೆ ಒಡೆದ ಮಡಕೆ ಸದ್ದು. ಇದು ಪೂರ್ತಿ ನಂಬೋ ಪರೀಕ್ಷೆ ಅಲ್ಲ, ಸಣ್ಣ ಬಿರುಕು ಇದರಲ್ಲಿ ತಪ್ಪಿಸಿಕೊಳ್ಳುತ್ತೆ. ಹೆಂಗೆ ಅಂತ ಮುಂದೆ ಹೇಳ್ತೀನಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಹೊಸ ಪೇಂಟ್ ಮಿಂಚ್ತಿರೋ ರಿಮ್ ಮೇಲೆ ಜಾಸ್ತಿ ಅನುಮಾನ ಪಡಿ. ನಾನು ಅದನ್ನೇ ಮಾಡಲಿಲ್ಲ.

ತುಕ್ಕು ತೆಗೆದು ಬಣ್ಣ ಹಚ್ಚೋದು

ಕೆ.ಆರ್. ಪುರ, ಮಹದೇವಪುರ ಕಡೆ ಕೈಗಾರಿಕಾ ಶೆಡ್‌ಗಳಲ್ಲಿ ಬ್ಲಾಸ್ಟಿಂಗ್ ಮಾಡಿಕೊಡ್ತಾರೆ. ಸಣ್ಣ ಕಣಗಳನ್ನ ಗಾಳಿಯ ಒತ್ತಡದಲ್ಲಿ ಹೊಡೆದು ಬಣ್ಣ, ತುಕ್ಕು ಎಲ್ಲ ತೆಗೀತಾರೆ. ಬರೀ ಬೂದು ಲೋಹ ಉಳಿಯುತ್ತೆ. ಅವತ್ತೇ ಪ್ರೈಮರ್ ಹಚ್ಚಬೇಕು. ಬೆಂಗಳೂರಿನ ಮಳೆಗಾಲದಲ್ಲಿ ರಾತ್ರಿ ಬಿಟ್ರೆ ಬೆಳಗ್ಗೆ ಮತ್ತೆ ಕೆಂಪು.

ಮನೇಲೇ ಮಾಡ್ತೀನಿ ಅನ್ನೋವ್ರಿಗೆ ಎಲೆಕ್ಟ್ರೊಲಿಸಿಸ್ ಇದೆ. ನೀರಿಗೆ ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್‌ನ ನೆಗೆಟಿವ್ ರಿಮ್‌ಗೆ, ಪಾಸಿಟಿವ್ ಹಳೇ ಕಬ್ಬಿಣದ ತುಂಡಿಗೆ. ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು, ಅದರಲ್ಲಿರೋ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತೆ. ಹೈಡ್ರೋಜನ್ ಗುಳ್ಳೆ ಬರುತ್ತೆ, ಆದ್ದರಿಂದ ಬಯಲಲ್ಲೇ ಮಾಡಿ. ಹಾಸ್ಟೆಲ್ ಬಾತ್‌ರೂಮ್‌ನಲ್ಲಿ ಬೇಡ ಪ್ಲೀಸ್.

ಬೆಂಡು ತೆಗೆಸೋದು ಬಣ್ಣಕ್ಕೆ ಮುಂಚೆ. ಆಮೇಲೆ ಹಬ್‌ಗೆ ಹಾಕಿ ತಿರುಗಿಸಿ ಡಯಲ್ ಗೇಜ್ ಇಟ್ಟು ನೋಡಿ. ಗೇಜ್ ಇಲ್ದಿದ್ರೆ ಇಟ್ಟಿಗೆ ಮೇಲೆ ಪೆನ್ಸಿಲ್ ಇಟ್ಟು ಅಂಚಿಗೆ ಹತ್ತಿರ ತನ್ನಿ. ನಮ್ಮ ವರ್ಕ್‌ಶಾಪ್ ಸರ್ ಕೊಟ್ಟ ಅಂದಾಜು: ಓಲಾಟ ಒಂದೂವರೆ ಮಿ.ಮೀ. ಒಳಗಿದ್ರೆ ಓಡಿಸಬಹುದು.

ಬಣ್ಣದಲ್ಲಿ ಎರಡು ದಾರಿ. ಪೌಡರ್ ಕೋಟಿಂಗ್ ಗಟ್ಟಿ, ಆದ್ರೆ ಸುಮಾರು 180–200 ಡಿಗ್ರಿಯಲ್ಲಿ ಬೇಯಿಸ್ತಾರೆ, ದಪ್ಪ ಕೂರುತ್ತೆ. ನಟ್ ಕೂರೋ ಜಾಗದಲ್ಲೂ ಹಬ್‌ಗೆ ತಾಗೋ ಮುಖದಲ್ಲೂ ದಪ್ಪ ಪದರ ಇದ್ರೆ, ಅದು ನಿಧಾನಕ್ಕೆ ಒತ್ತಿಹೋಗಿ ನಟ್ ಸಡಿಲ ಆಗುತ್ತೆ. ಆ ಜಾಗ ಮುಚ್ಚಿ ಕೋಟಿಂಗ್ ಮಾಡಿ ಅಂತ ಹೇಳಿ. ಇನ್ನೊಂದು ದಾರಿ ಎಪಾಕ್ಸಿ ಪ್ರೈಮರ್ ಮೇಲೆ ಮಾಮೂಲಿ ಸ್ಪ್ರೇ ಪೇಂಟ್. ಯಾವುದೇ ಆದ್ರೂ ಚಕ್ರ ಹಾಕಿ 50–100 ಕಿ.ಮೀ. ಓಡಿಸಿದ ಮೇಲೆ ನಟ್ ಮತ್ತೆ ಬಿಗಿಯಾಗಿದೆಯಾ ನೋಡಲೇಬೇಕು.

ಪೇಂಟಿನ ಕೆಳಗೆ ಇದ್ದದ್ದು

ನಾನು ತಂದ ಎರಡು ರಿಮ್‌ನಲ್ಲಿ ಒಂದು ತುಕ್ಕು ತುಕ್ಕು. ಇನ್ನೊಂದಕ್ಕೆ ಫ್ರೆಶ್ಶಾಗಿ ಕಪ್ಪು ಬಣ್ಣ ಹೊಡೆದಿದ್ರು, ಅದನ್ನ ನೋಡಿ ನಾನೇ ಖುಷಿಯಾಗಿದ್ದೆ. ತಟ್ಟಿದಾಗ ಗಂಟೆ ಸದ್ದೇ ಬಂದಿತ್ತು. ಬ್ಲಾಸ್ಟಿಂಗ್ ಆದ್ಮೇಲೆ ಡಿಸ್ಕ್ ಮೇಲೆ ಒಂದು ನಟ್ ತೂತಿನ ಪಕ್ಕ ಕೂದಲೆಳೆ ಥರ ಗೆರೆ ಕಂಡಿತು. ಗೀರು ಇರಬಹುದು ಅಂದ್ಕೊಂಡೆ. ಕಾಲೇಜಿನ ಲ್ಯಾಬ್‌ನಲ್ಲಿ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿದ್ವಿ. ಕೆಂಪು ದ್ರವ ಹಚ್ಚಿ, ಹತ್ತು ನಿಮಿಷ ಬಿಟ್ಟು, ಒರೆಸಿ, ಬಿಳೀ ಡೆವಲಪರ್ ಸಿಂಪಡಿಸಬೇಕು. ಬಿರುಕಿದ್ರೆ ಒಳಗೆ ಇಳಿದಿರೋ ಕೆಂಪು ಮೇಲೆ ಬರುತ್ತೆ. ಬಂತು. ತೂತಿನಿಂದ ಶುರುವಾಗಿ ಎರಡು ಸೆಂಟಿಮೀಟರ್ ಉದ್ದ.

ಇದು ಯಾಕೆ ಆಗುತ್ತೆ? ಚಕ್ರ ಒಂದು ಸುತ್ತು ತಿರುಗಿದ್ರೆ ನಟ್ ಸುತ್ತಲಿನ ಲೋಹ ಒಮ್ಮೆ ಎಳೆಯಲ್ಪಟ್ಟು ಒಮ್ಮೆ ಒತ್ತಲ್ಪಡುತ್ತೆ. ಪದ್ಮಿನಿ ಟೈರಿನ ಸುತ್ತಳತೆ ಸುಮಾರು 1.9 ಮೀಟರ್. ಒಂದು ಕಿ.ಮೀ.ಗೆ 520ರ ಮೇಲೆ ಸುತ್ತು, 10,000 ಕಿ.ಮೀ.ಗೆ 50 ಲಕ್ಷದ ಮೇಲೆ. ಕ್ಲಾಸಲ್ಲಿ ಬೋರ್ ಹೊಡೆಸೋ ಫಟೀಗ್ ಅನ್ನೋ ಪಾಠ ಇದೇ. ಬಿರುಕು ಒಮ್ಮೆ ಶುರುವಾದ್ರೆ ಪ್ರತಿ ಸುತ್ತಿಗೂ ಅದರ ತುದಿ ಒಂಚೂರು ಮುಂದೆ ಹೋಗುತ್ತೆ.

ಒಬ್ಬರು "ವೆಲ್ಡ್ ಮಾಡಿಸಿ, ಗ್ರೈಂಡ್ ಮಾಡಿ ಬಣ್ಣ ಹೊಡೀರಿ, ಗೊತ್ತೇ ಆಗಲ್ಲ" ಅಂದ್ರು. ಗೊತ್ತಾಗಲ್ಲ ನಿಜ, ತೊಂದರೆ ಇರೋದೇ ಅಲ್ಲಿ. ವೆಲ್ಡ್ ಪಕ್ಕದ ಲೋಹ ಬಿಸಿಯಿಂದ ಗುಣ ಬದಲಾಯಿಸುತ್ತೆ, ತಣಿಯೋವಾಗ ಒಳಗೆ ಒತ್ತಡ ಉಳಿಯುತ್ತೆ, ಹೊಸ ಬಿರುಕು ಅಲ್ಲಿಂದಲೇ ಶುರು. ನಟ್ ತೂತಿನ ಸುತ್ತ ಬಿರುಕು ಬಿಟ್ಟ ಚಕ್ರಕ್ಕೆ ರಿಪೇರಿ ಇಲ್ಲ.

ಮನೆಗೆ ಬಂದು ತಾತನಿಗೆ ಹೇಳಿದೆ. "ವಾಪಸ್ ಕೊಟ್ರೆ ಅರ್ಧ ದುಡ್ಡಾದ್ರೂ ಬರುತ್ತೆ ತಾತ." ಅವರು ಕನ್ನಡಕ ಹಾಕ್ಕೊಂಡು ಕೆಂಪು ಗೆರೆ ನೋಡಿದ್ರು. "ಅವನು ಮತ್ತೆ ಕಪ್ಪು ಬಣ್ಣ ಹೊಡೀತಾನೆ ಕಣೋ. ನಿನ್ ಥರದವನೇ ಇನ್ನೊಬ್ಬ ತಗೊಂಡು ಹೋಗ್ತಾನೆ" ಅಂದ್ರು.

ಮಾರನೇ ದಿನ ಆಂಗಲ್ ಗ್ರೈಂಡರ್‌ನಿಂದ ಅದನ್ನ ಎರಡು ಹೋಳು ಮಾಡಿ ತೂಕಕ್ಕೆ ಹಾಕಿದೆ. 900 ಕೊಟ್ಟಿದ್ದು, ಬ್ಲಾಸ್ಟಿಂಗ್‌ಗೆ ಇನ್ನಷ್ಟು, ಕೈಗೆ ಬಂದಿದ್ದು 210. ಅದರ ಬದಲಿಗೆ ಇಂದಿರಾನಗರದ ಒಬ್ಬ ಪದ್ಮಿನಿ ಮಾಲೀಕರ ಗ್ಯಾರೇಜ್‌ನಲ್ಲಿ ಬಿದ್ದಿದ್ದ, ಜೇಡರ ಬಲೆ ಕಟ್ಟಿದ್ದ ರಿಮ್ 1,200ಕ್ಕೆ ಸಿಕ್ಕಿತು. ನೋಡೋಕೆ ಅಸಹ್ಯವಾಗಿತ್ತು. ಡೈ ಹಚ್ಚಿದ್ವಿ, ಒಂದು ಗೆರೆಯೂ ಬರಲಿಲ್ಲ. ಈಗ ಅದು ಪದ್ಮಿನಿಯ ಮುಂದಿನ ಎಡ ಚಕ್ರ. ತಾತ ಭಾನುವಾರ ಬೆಳಗ್ಗೆ ಹಲಸೂರು ಕೆರೆ ಸುತ್ತ ಒಂದು ರೌಂಡ್ ಹೋಗ್ತಾರೆ. ಹೊರಡೋ ಮುಂಚೆ ನಟ್ ನೋಡೋದು ನನ್ನ ಕೆಲಸ.