ಕಬ್ಬಿನ ಬಿಲ್ಲು ಗ್ಯಾಸ್ ಶೇರಿಗೆ ಹಾಕೋ ಮುನ್ನ

ಅಕಿವಾಟ (ತಾ. ಶಿರೋಳ): ಕಬ್ಬಿನ ಬಿಲ್ಲು ಜಮಾ ಆಗುತ್ತಲೇ ಊರ ಕಟ್ಟೆಯ ಮೇಲೆ ಈಗ ಎಮ್ಮೆ, ಟ್ರ್ಯಾಕ್ಟರ್ ಜೊತೆ ಶೇರಿನ ಮಾತೂ ನಡೆಯುತ್ತದೆ. ಮೊಬೈಲಿನಲ್ಲೇ ಡಿಮ್ಯಾಟ್ ಖಾತೆ ತೆಗೆದ ಹುಡುಗರ ಬಾಯಲ್ಲಿ ಬರುವ ಹೆಸರುಗಳಲ್ಲಿ ಪೆಟ್ರೋನೆಟ್ ಎಲ್‌ಎನ್‌ಜಿ ಒಂದು. ಗ್ಯಾಸ್ ಎಲ್ಲಾರಿಗೂ ಬೇಕಲ್ರಿ, ಇದರಾಗ ಲುಕ್ಸಾನ ಹೆಂಗ ಆಗತೈತಿ ಎಂಬುದು ಅವರ ವಾದ.

ವಾದದಲ್ಲಿ ಹುರುಳಿಲ್ಲ ಅಂತಲ್ಲ. 2004ರ ಮಾರ್ಚ್‌ನಲ್ಲಿ 15 ರೂ.ಗೆ ಕೊಟ್ಟ ಶೇರು ಇದು. 2017ರಲ್ಲಿ ಒಂದಕ್ಕೊಂದು ಬೋನಸ್ ಬಂತು. 2024ರಲ್ಲಿ ದರ 300 ರೂ. ದಾಟಿತ್ತು. ಗೇಲ್, ಒಎನ್‌ಜಿಸಿ, ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ ತಲಾ ಶೇ. 12.5 ಪಾಲು ಇಟ್ಟುಕೊಂಡಿವೆ.

ಮೈನಸ್ 162 ಡಿಗ್ರಿಗೆ ತಣಿಸಿ ನೀರಿನಂತೆ ಮಾಡಿದ ಅನಿಲ ಹಡಗಿನಲ್ಲಿ ಬರುತ್ತದೆ. ಅದನ್ನು ಮತ್ತೆ ಅನಿಲ ಮಾಡಿ ಪೈಪಿಗೆ ಬಿಡುವ ಶುಲ್ಕವೇ ಕಂಪನಿಯ ಮುಖ್ಯ ಗಳಿಕೆ. ನಮ್ಮ ಹಿಟ್ಟಿನ ಗಿರಣಿ ಇದ್ದಂಗೆ. ಜೋಳದ ದರ ಏರಲಿ, ಇಳಿಯಲಿ, ಬೀಸುವ ಕೂಲಿ ಬರುತ್ತದೆ. ಆದರೆ ಜೋಳವೇ ತುಟ್ಟಿಯಾಗಿ ಜನ ಗಿರಣಿಗೆ ಬರೋದು ಕಡಿಮೆ ಆದರೆ? 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಆದದ್ದು ಇದೇ. ಯುರೋಪಿನವರು ಹೆಚ್ಚಿನ ದರ ಕೊಟ್ಟು ಹಡಗು ಎಳೆದುಕೊಂಡರು, ನಮ್ಮಲ್ಲಿ ಕೊಳ್ಳುವವರು ಹಿಂದೆ ಸರಿದರು. ಮೊದಲೇ ಜಾಗ ಕಾದಿರಿಸಿ ಬಳಸದ ಗಿರಾಕಿಗಳಿಂದ ಬರಬೇಕಾದ ಬಾಕಿಯೂ ಬೆಳೆಯಿತು. ಲೆಕ್ಕಪತ್ರದಲ್ಲಿ ಲಾಭ ಕಂಡರೂ ಈ ಬಾಕಿಯ ಸಾಲು ಹುಡುಕಿ ಓದಬೇಕು.

ಕೊಚ್ಚಿಯ ಕಥೆ ಇನ್ನೂ ಪಾಠದ್ದು. 2013ರಲ್ಲಿ ಟರ್ಮಿನಲ್ ತಯಾರಾಯ್ತು. ಅನಿಲ ಸಾಗಿಸಬೇಕಾದ ಕೊಚ್ಚಿ-ಮಂಗಳೂರು ಪೈಪ್‌ಲೈನ್ ಉದ್ಘಾಟನೆ ಆದದ್ದು 2021ರ ಜನವರಿಯಲ್ಲಿ! ಅಷ್ಟು ವರ್ಷ ಟರ್ಮಿನಲ್ಲಿನ ಬಹುಪಾಲು ಖಾಲಿ. ಗಳಿಕೆಯ ಭಾರ ಗುಜರಾತಿನ ದಹೇಜ್ ಮೇಲೆಯೇ.

ನಮ್ಮ ಮಗ್ಗುಲಿನ ದಾಭೋಳ್ ಅಂತೂ ಗೊತ್ತೇ ಇದೆ. ವಿದ್ಯುತ್ ದರದ ಜಗಳದಲ್ಲಿ 2001ರಲ್ಲಿ ಘಟಕ ನಿಂತಿತು, ಅದೇ ವರ್ಷ ಎನ್ರಾನ್ ದಿವಾಳಿ ಎದ್ದಿತು. ಅಲ್ಲಿಂದ ಕೊಲ್ಹಾಪುರ, ಬೆಳಗಾವಿ ಹಾದು ಬೆಂಗಳೂರಿಗೆ ಹೋಗುವ ಪೈಪ್‌ಲೈನ್ 2013ರಲ್ಲಿ ಚಾಲೂ ಆದರೂ, ಅಲೆತಡೆ ಗೋಡೆ ಪೂರ್ತಿ ಆಗದೆ ಎಷ್ಟೋ ವರ್ಷ ಮಳೆಗಾಲದಲ್ಲಿ ಹಡಗು ಬರುತ್ತಿರಲಿಲ್ಲ.

ಕತಾರ್‌ನಿಂದ ವರ್ಷಕ್ಕೆ 75 ಲಕ್ಷ ಟನ್‌ನ ಕರಾರಿದೆ. 2024ರ ಫೆಬ್ರವರಿಯಲ್ಲಿ ಅದನ್ನು 2028ರಿಂದ ಮುಂದೆ 20 ವರ್ಷಕ್ಕೆ ನವೀಕರಿಸಲಾಯಿತು. ಇದು ಧೈರ್ಯದ ಮಾತು, ಆದರೆ ಆ ಹಡಗುಗಳೆಲ್ಲ ಹಾರ್ಮುಜ್ ಜಲಸಂಧಿ ದಾಟಿಯೇ ಬರಬೇಕು. ಇನ್ನೊಂದು, 2023ರ ಅಕ್ಟೋಬರ್‌ನಲ್ಲಿ ಕಂಪನಿ 20,685 ಕೋಟಿ ರೂ.ಗಳ ಪೆಟ್ರೋಕೆಮಿಕಲ್ ಯೋಜನೆ ಘೋಷಿಸಿದ್ದೇ ತಡ, ಶೇರು ಕುಸಿಯಿತು. ಗಿರಣಿ ನಡೆಸುವವ ಬೇಕರಿ ತೆಗೀತೀನಿ ಅಂದರೆ ಪಾಲುದಾರ ಹೆದರುವುದು ಸಹಜ.

ಹಾಗಂತ ಕೊಳ್ಳಬೇಡಿ ಎನ್ನಲಾರೆ. ಬಿತ್ತನೆ, ಗೊಬ್ಬರ, ಸೊಸೈಟಿ ಸಾಲ ತೆಗೆದು ಉಳಿದ ರೊಕ್ಕದ ಮಾತು ಬೇರೆ. 2019 ಮತ್ತು 2021ರ ಕೃಷ್ಣೆಯ ಮಹಾಪೂರ ಕಂಡ ತಾಲೂಕು ಇದು. ನೀರು ಏರಿ ಮನೆ ಬಿಡುವ ವಾರ ಶೇರಿನ ದರ ಬಿದ್ದಿದ್ದರೂ ಮಾರಲೇಬೇಕಾಗುತ್ತದೆ.